ಹಾಲುಹಲ್ಲಿಗೆ ಕಟ್ಟಿದ ಬೆಲೆ

ಹಾಲುಹಲ್ಲು ಬಿದ್ದರೆ ಸಗಣಿಯುಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆಯುವುದು ನಮ್ಮ ಕಡೆಯ ವಾಡಿಕೆ. ಮುಸ್ಲಿಮರ ಮನೆಗಳಲ್ಲಿ ಹಿರಿಯರು ಉಗುರು, ಕೂದಲಿನಂತೆ ಅದನ್ನೂ ಮಣ್ಣಿಗೆ ಸೇರಿಸುತ್ತಿದ್ದರು. ಅದಕ್ಕೆ ಬೆಲೆ ಕಟ್ಟಿದವರು ಯಾರೂ ಇರಲಿಲ್ಲ.

ಈಗ ಕಟ್ಟುತ್ತಿದ್ದಾರೆ. ಭದ್ರಾವತಿಯಲ್ಲಿ ಹೊಲಿಗೆಯಿಂದ ಮನೆ ನಡೆಸುವ ನಮ್ಮ ತಂಗಿ, ಕಿರಿಯ ಮಗನ ಹಲ್ಲು ತೋರಿಸಲು ಶಿವಮೊಗ್ಗಕ್ಕೆ ಬಂದಾಗ ಅವಳ ಕೈಗೊಂದು ಕರಪತ್ರ ಸಿಕ್ಕಿತು. ಹಾಲುಹಲ್ಲನ್ನು ಶೀತಲೀಕರಿಸಿ ಕಾಪಿಟ್ಟರೆ ಮುಂದೆ ಮಧುಮೇಹಕ್ಕೂ ಮದ್ದಾದೀತು ಎಂದು ಅದರಲ್ಲಿತ್ತು. ಅವಳ ಹಿರಿಯ ಮಗಳಿಗೆ ಎಂಟನೆಯ ವಯಸ್ಸಿನಿಂದ ದಿನವೂ ಇನ್ಸುಲಿನ್ ಬೇಕು.

"ಭಾಯಿಜಾನ್, ಬಳೆ ಅಡವಿಡುತ್ತೇನೆ. ಇವನ ಹಲ್ಲಿನಿಂದ ಅವಳಿಗೆ ಸೂಜಿ ತಪ್ಪುವುದಾದರೆ ಆಗಲಿ" ಎಂದಳು.

ತಾಯಿಯೊಬ್ಬಳ ಇಂಥ ಮಾತನ್ನು ಮೌಢ್ಯವೆಂದು ತಳ್ಳಿಹಾಕಲಾಗದು. ತಿಳಿದು ಉತ್ತರಿಸಬೇಕು.

ಕರಪತ್ರದ ಹಿಂದೆ ನಿಜವಾದ ವಿಜ್ಞಾನವಿದೆ. 2003ರಲ್ಲಿ ಅಮೆರಿಕದಲ್ಲಿ ಸಾಂಗ್‌ಟಾವೊ ಶಿ ಮತ್ತು ಸಂಗಡಿಗರು, ತಾನಾಗಿ ಬಿದ್ದ ಹಾಲುಹಲ್ಲಿನ ತಿರುಳಿನಲ್ಲಿ ಆಕರಕೋಶಗಳಿವೆ ಎಂದು ತೋರಿಸಿದರು. ಸ್ಟೆಮ್ ಸೆಲ್ ಎನ್ನುವುದು ಇದನ್ನೇ. ಇವು ಬೇಗ ವೃದ್ಧಿಯಾಗುತ್ತವೆ, ಬೇರೆ ಬಗೆಯ ಕೋಶಗಳ ರೂಪವನ್ನೂ ತಾಳಬಲ್ಲವು. 2018ರಲ್ಲಿ ಚೀನಾದ ವೈದ್ಯರು, ಪೆಟ್ಟು ಬಿದ್ದು ತಿರುಳು ಸತ್ತ ಬಾಚಿಹಲ್ಲುಗಳಲ್ಲಿ ಆಯಾ ಮಕ್ಕಳದೇ ಹಾಲುಹಲ್ಲಿನ ಕೋಶಗಳನ್ನಿಟ್ಟು, ರಕ್ತನಾಳ, ನರಗಳ ಸಮೇತ ತಿರುಳು ಮತ್ತೆ ಬೆಳೆದದ್ದನ್ನು ವರದಿ ಮಾಡಿದರು. ದೊಡ್ಡ ಸಾಧನೆಯೇ. ಆದರೆ ಅಲ್ಲಿ ಹಲ್ಲು ಬದುಕಿಸಿದ್ದು ಹಲ್ಲನ್ನೇ.

ಮಧುಮೇಹದ ಕಥೆ ಬೇರೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಒಂದನೆಯ ಬಗೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶ ಮಾಡುತ್ತದೆ. ಹೊಸ ಕೋಶ ಸೇರಿಸಿದರೂ ಅದೇ ದಾಳಿಯ ಭಯ. ಹಾಲುಹಲ್ಲಿನಿಂದ ಇನ್ಸುಲಿನ್ ಬಿಡಿಸುವ ಅಂಗೀಕೃತ ಚಿಕಿತ್ಸೆ ಇನ್ನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಹೊಕ್ಕುಳಬಳ್ಳಿಯ ರಕ್ತವೊಂದನ್ನು ಬಿಟ್ಟು, ಹಲ್ಲೂ ಸೇರಿದಂತೆ ಬೇರಾವುದನ್ನೂ ಹಣ ಪಡೆದು ಕಾಪಿಡಲು ಒಪ್ಪಿಲ್ಲ.

ಇದನ್ನೆಲ್ಲ ಹೇಳಿದಾಗ ತಂಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಸೂಜಿ ನಿಲ್ಲಿಸುವ ಹಾಗಿಲ್ಲ" ಎಂದಳು. ನಿಲ್ಲಿಸುವ ಹಾಗೇ ಇಲ್ಲ. ಆ ಹುಡುಗಿ ಶಾಲೆಗೆ ಹೋಗುತ್ತಿರುವುದು, ನಗುತ್ತಿರುವುದು ಅದರಿಂದಲೇ.

ಪ್ರಯೋಗಾಲಯದಲ್ಲಿ ದುಡಿಯುವವರ ಬಗ್ಗೆ ನಮಗೆ ಗೌರವವಿದೆ. ಅವರು ನಾಳೆ ಏನನ್ನಾದರೂ ಕಂಡುಹಿಡಿದಾರು. ಆ ನಾಳೆಯನ್ನು ಇಂದೇ ಮಾರಲು ಬಂದವರನ್ನು ನಾವು ಮೂರು ಪ್ರಶ್ನೆ ಕೇಳೋಣ: ಯಾವ ಕಾಯಿಲೆ ವಾಸಿಯಾಗಿದೆ? ಎಷ್ಟು ಜನರಿಗೆ? ಯಾರ ಅನುಮತಿಯಿಂದ? ಉತ್ತರ ಸಿಗುವವರೆಗೆ ಬಳೆ ತಾಯಿಯ ಕೈಯಲ್ಲಿರಲಿ, ದುಡಿಮೆಯ ಹಣ ಇನ್ಸುಲಿನ್‌ಗೆ ಹೋಗಲಿ.