ದಾರಿಗೇನೋ ಬೀಗ, ಗಂಟಿನೊಳಗೆ ಏನು?

ನಮ್ಮ ಕೆಲಸದಲ್ಲಿ ಯಂತ್ರ ಮುನಿಸಿಕೊಂಡಾಗಲೆಲ್ಲ ಎದುರಿನವರಿಂದ ಬರುವ ಮೊದಲ ಉತ್ತರ ಒಂದೇ: "ಲಾಗ್ ಫೈಲ್ ಕಳಿಸಿ." ಸಾಫ್ಟ್‌ವೇರ್ ಮಾರಿದ ಕಂಪನಿ ಅಮೆರಿಕದಲ್ಲಿರಲಿ, ಪುಣೆಯಲ್ಲಿರಲಿ, ಈ ಮಾತು ಮಾತ್ರ ಬದಲಾಗುವುದಿಲ್ಲ. ಡಾಕ್ಟರು ಮುಖ ನೋಡುವ ಮೊದಲೇ ರಕ್ತ ಪರೀಕ್ಷೆಗೆ ಚೀಟಿ ಬರೆದುಕೊಟ್ಟ ಹಾಗೆ. ಅವರದ್ದೂ ತಪ್ಪಲ್ಲ ಅನ್ನಿ. ಸಾವಿರಾರು ಮೈಲಿ ದೂರದಲ್ಲಿ ಕೂತವನಿಗೆ ನಮ್ಮ ಸರ್ವರ್ ಯಾಕೆ ನಿಂತಿತು ಎಂದು ಗೊತ್ತಾಗಬೇಕಾದರೆ, ಅದು ನಿಲ್ಲುವ ಮುಂಚೆ ಏನೇನು ಗೊಣಗಿತ್ತು ಎಂಬುದು ಬೇಕಲ್ಲ. ಆ ಗೊಣಗಾಟದ ದಾಖಲೆಯೇ ಲಾಗ್.

ನಾನು ಊರು ಬಿಟ್ಟು ಮುಂಬಯಿ ಸೇರಿ ಮೂವತ್ತು ವರ್ಷ ದಾಟಿತು. ಅದರಲ್ಲಿ ಅರ್ಧ ಆಯುಷ್ಯ ಲೋಕಲ್ ಟ್ರೈನಿನಲ್ಲಿ, ಉಳಿದರ್ಧ ಇಂಥ ಫೈಲುಗಳನ್ನು ಕಳಿಸುವುದರಲ್ಲಿ ಹೋಯಿತು ಎಂದು ಮನೆಯವಳು ಹೇಳುತ್ತಾಳೆ. ಪೂರ್ತಿ ಸುಳ್ಳೇನಲ್ಲ.

ಆಗಿನ ಕಾಲದಲ್ಲಿ ಕಳಿಸುವ ದಾರಿ ಎಂದರೆ ಎಫ್‌ಟಿಪಿ. ಸಾಫ್ಟ್‌ವೇರ್ ಕಂಪನಿಗಳು ತಮ್ಮ ಸರ್ವರಿನಲ್ಲಿ 'ಇನ್‌ಕಮಿಂಗ್' ಎಂದೊಂದು ಫೋಲ್ಡರ್ ಇಟ್ಟಿರುತ್ತಿದ್ದವು. 'ಅನಾನಿಮಸ್' ಎಂಬ ಹೆಸರಿನಲ್ಲಿ ಒಳಹೊಕ್ಕು, ದೂರಿನ ನಂಬರನ್ನೇ ಫೈಲಿಗೆ ಹೆಸರಾಗಿಟ್ಟು ಅಲ್ಲಿ ಹಾಕಿ ಬರಬೇಕು. 64 ಕೆಬಿಪಿಎಸ್ ಲೈನಿನಲ್ಲಿ ನೂರು ಎಂಬಿಯ ಫೈಲ್ ಹೋಗಲು ಮೂರೂವರೆ ಗಂಟೆ ಬೇಕು. ಕಳಿಸುವ ಮೊದಲು 'ಬೈನರಿ' ಎಂದು ಹೇಳದಿದ್ದರೆ ಎಫ್‌ಟಿಪಿ ಅದನ್ನು ಬರೀ ಅಕ್ಷರಗಳೆಂದು ತಿಳಿದು, ಸಾಲಿನ ಕೊನೆಯ ಗುರುತುಗಳನ್ನೆಲ್ಲ ತಿದ್ದಿಬಿಡುವ ಸಾಧ್ಯತೆ ಇತ್ತು. ಮೂರೂವರೆ ಗಂಟೆ ಕಾದು ಕಳಿಸಿದ ಮೇಲೆ, ಅಮೆರಿಕದಲ್ಲಿ ಬೆಳಗಾದ ನಂತರ "ಫೈಲ್ ಕೆಟ್ಟಿದೆ, ಮತ್ತೊಮ್ಮೆ ಕಳಿಸಿ" ಎಂಬ ಮಿಂಚಂಚೆ!

ಈ ಎಫ್‌ಟಿಪಿಯ ಮೊದಲ ಕರಡು ಬರೆದವರು ನಮ್ಮವರೇ. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರ ಐಐಟಿಯ ಮೊದಲ ತಂಡದಲ್ಲಿ ಓದಿ, ಅಮೆರಿಕದ ಎಂಐಟಿಗೆ ಹೋದ ಅಭಯ್ ಭೂಷಣ್. ವರ್ಷ 1971. ಆಗ ಜಾಲದಲ್ಲಿದ್ದದ್ದು ಬೆರಳೆಣಿಕೆಯ ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು. ಹತ್ತು ಮನೆಯ ಊರಿನಲ್ಲಿ ಯಾರು ಬಾಗಿಲಿಗೆ ಬೀಗ ಹಾಕುತ್ತಾರೆ ಹೇಳಿ? ಹಾಗಾಗಿ ಎಫ್‌ಟಿಪಿಯಲ್ಲಿ ಹೆಸರು, ಪಾಸ್‌ವರ್ಡ್, ಫೈಲಿನೊಳಗಿನ ಮಾತು, ಎಲ್ಲವೂ ಇದ್ದದ್ದು ಇದ್ದ ಹಾಗೆಯೇ ತಂತಿಯ ಮೇಲೆ ಹೋಗುತ್ತಿತ್ತು. ನಮ್ಮ ಲೋಕಲ್‌ನಲ್ಲಿ ಒಬ್ಬ ಕೊಂಡ ಪೇಪರನ್ನು ಅಕ್ಕಪಕ್ಕದ ನಾಲ್ವರು ಓದುತ್ತಾರಲ್ಲ, ಹಾಗೆ. ಊರು ಬೆಳೆದು ಮುಂಬಯಿಯಾದ ಮೇಲೂ ಬಾಗಿಲು ಹಾಗೇ ತೆರೆದಿತ್ತು ಎಂಬುದೇ ತೊಂದರೆ. 2021ರಲ್ಲಿ ಫೈರ್‌ಫಾಕ್ಸ್, ಕ್ರೋಮ್ ಎರಡೂ ಬ್ರೌಸರುಗಳು ಎಫ್‌ಟಿಪಿಗೆ ವಿದಾಯ ಹೇಳಿದವು.

ಬೀಗ ಬಂದದ್ದು ಫಿನ್‌ಲ್ಯಾಂಡಿನಿಂದ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡುಗಳನ್ನು ಹೆಕ್ಕಿಕೊಂಡರು. ಅದನ್ನು ಕಂಡು ಅಲ್ಲಿನ ಸಂಶೋಧಕ ತಾತು ಇಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದರು. ಇಂದು ಕಂಪನಿಗಳು "ಎಸ್‌ಎಫ್‌ಟಿಪಿಯಲ್ಲಿ ಕಳಿಸಿ" ಎನ್ನುವಾಗ ಆ ಬೀಗದ ಮೇಲೆಯೇ ನಿಂತಿರುತ್ತಾರೆ. ಈ ದಾರಿಯಲ್ಲಿ ನಡುವೆ ನಿಂತವನಿಗೆ ಕಾಣುವುದು ಬರೀ ಗೊಂದಲದ ಅಕ್ಷರ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹೊಸ ಸರ್ವರಿಗೆ ಮೊದಲ ಸಲ ಹೋದಾಗ ಎಸ್‌ಎಸ್‌ಎಚ್ ಒಂದು ಪ್ರಶ್ನೆ ಕೇಳುತ್ತದೆ: ಈ ಯಂತ್ರ ನನಗೆ ಪರಿಚಯವಿಲ್ಲ, ಇದರ ಬೆರಳಚ್ಚು ಇಂತಿದೆ, ಮುಂದುವರಿಯಲೇ? ನೂರಕ್ಕೆ ತೊಂಬತ್ತು ಮಂದಿ ಓದದೇ 'ಯೆಸ್' ಎಂದು ಒತ್ತುತ್ತಾರೆ. ಮುಂಬಯಿಯ ಹವಾಲದವರು ಇದನ್ನು ನೋಡಿದರೆ ನಕ್ಕಾರು! ಅವರಲ್ಲಿ ಹತ್ತು ರೂಪಾಯಿ ನೋಟಿನ ನಂಬರನ್ನು ಮೊದಲೇ ಫೋನಿನಲ್ಲಿ ಹೇಳಿರುತ್ತಾರಂತೆ, ಆ ನೋಟು ತೋರಿಸಿದವನ ಕೈಗೇ ಗಂಟು. ಕಳ್ಳ ವ್ಯವಹಾರಕ್ಕೇ ಅಷ್ಟು ನಿಯಮವಿದ್ದರೆ ಒಳ್ಳೆಯ ವ್ಯವಹಾರಕ್ಕೆ ಬೇಡವೇ? ಕಂಪನಿಯವರ ಅಧಿಕೃತ ಪುಟದಲ್ಲಿ ಆ ಬೆರಳಚ್ಚು ಕೊಟ್ಟಿದ್ದರೆ ಪಕ್ಕಪಕ್ಕ ಇಟ್ಟು ನೋಡಬೇಕು. ಕೊಟ್ಟಿಲ್ಲವಾದರೆ ಫೋನ್ ಮಾಡಿ ಕೇಳಬೇಕು. ಬೀಗ ಎಷ್ಟೇ ಗಟ್ಟಿಯಿರಲಿ, ತಪ್ಪು ಮನೆಯ ಬಾಗಿಲಿಗೆ ಹೋದರೆ ಏನು ಬಂತು?

ದಾರಿಗೆ ಹಾಕಿದ ಬೀಗ ದಾರಿ ಮುಗಿದ ಕೂಡಲೇ ಬಿಚ್ಚಿಕೊಳ್ಳುತ್ತದೆ, ಇದು ಇನ್ನೊಂದು ಸಂಗತಿ. ಆ ಕಡೆಯ ಡಿಸ್ಕಿನ ಮೇಲೆ ಫೈಲ್ ಬರಿಮೈಯಲ್ಲಿ ಕೂತಿರುತ್ತದೆ. ಅದಕ್ಕೇ ಫೈಲಿಗೇ ಬೀಗ ಹಾಕುವುದು ಒಳ್ಳೆಯದು. ಫಿಲ್ ಝಿಮ್ಮರ್‌ಮನ್ 1991ರಲ್ಲಿ ಹೊರತಂದ ಪಿಜಿಪಿ ಈ ಕೆಲಸ ಮಾಡುತ್ತದೆ. ಒತ್ತಿದರೆ ತಾನೇ ಬೀಳುವ ಬೀಗವನ್ನು ಕಂಪನಿಯವರು ಎಲ್ಲರಿಗೂ ಹಂಚಿರುತ್ತಾರೆ, ಬೀಗದ ಕೈ ಮಾತ್ರ ಅವರಲ್ಲೇ ಇರುತ್ತದೆ. ನಾವು ಪೆಟ್ಟಿಗೆಗೆ ಬೀಗ ಒತ್ತಿ ಕಳಿಸಿದರೆ ನಮಗೂ ಮತ್ತೆ ತೆರೆಯಲಾಗದು.

ಪಿಜಿಪಿ ಇಲ್ಲದ ಕಡೆ ಜಿಪ್ ಫೈಲಿಗೆ ಪಾಸ್‌ವರ್ಡ್ ಹಾಕುವುದು ರೂಢಿ. ಹಳೆಯ ಜಿಪ್ ಬೀಗ ಸಡಿಲ, ಎಇಎಸ್-256 ಆರಿಸಿಕೊಳ್ಳಬೇಕು. ಸಾಮಾನ್ಯ ಜಿಪ್‌ನಲ್ಲಿ ಒಳಗಿನ ಫೈಲುಗಳ ಹೆಸರು ಮಾತ್ರ ಪಾಸ್‌ವರ್ಡ್ ಇಲ್ಲದೆಯೂ ಕಾಣುತ್ತದೆ. 'ಸಂಬಳ ಬಾಕಿ ಮಾರ್ಚ್' ಎಂದು ಹೆಸರಿಟ್ಟಿದ್ದರೆ ಅರ್ಧ ಗುಟ್ಟು ಅಲ್ಲೇ ರಟ್ಟು! ಪಾಸ್‌ವರ್ಡನ್ನು ಅದೇ ಮಿಂಚಂಚೆಯಲ್ಲಿ ಬರೆಯದೆ ಫೋನಿನಲ್ಲಿ ಹೇಳಬೇಕು. ಕೊನೆಗೆ ಎಸ್‌ಎಚ್‌ಎ-256 ಎಂಬ 64 ಅಕ್ಷರಗಳ ಲೆಕ್ಕವನ್ನು ಎರಡೂ ಕಡೆ ತಾಳೆ ನೋಡಿದರೆ ಫೈಲ್ ದಾರಿಯಲ್ಲಿ ಕೆಟ್ಟಿಲ್ಲ ಎಂಬ ಧೈರ್ಯ.

ಇಷ್ಟೆಲ್ಲ ಮಾಡಿದರೆ ಸುರಕ್ಷಿತವಾಗಿ ಕಳಿಸಿದಂತಾಯಿತು ಎಂದು ನಮ್ಮ ಕಚೇರಿಗಳಲ್ಲಿ ಎಲ್ಲರೂ ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ನಾನು ಒಂದು ಸಾಲ ಕೊಡುವ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ತಿಂಗಳ ಕೊನೆ, ಬಡ್ಡಿ ಲೆಕ್ಕ ಹಾಕುವ ಹೊತ್ತು, ಸರ್ವರ್ ಮಲಗಿತು. ಸಾಫ್ಟ್‌ವೇರ್ ಕಂಪನಿಯಿಂದ ಅದೇ ಉತ್ತರ, ಲಾಗ್ ಕಳಿಸಿ. ನನ್ನ ಜೊತೆಗಿದ್ದ ಮರಾಠಿ ಹುಡುಗಿ ಚುರುಕು, ಐದು ನಿಮಿಷದಲ್ಲಿ ಎಲ್ಲ ಕಟ್ಟಿ, ಬೀಗ ಹಾಕಿ, "ಕಳಿಸಲಾ ಸರ್?" ಎಂದಳು. ನಾನು "ಒಂದು ನಿಮಿಷ ತಾಳಮ್ಮ, ಒಳಗೆ ಏನಿದೆ ನೋಡೋಣ" ಎಂದು ಲಾಗ್ ತೆರೆದೆ. ತೊಂದರೆ ಹುಡುಕಲಿಕ್ಕೆಂದು ಯಾರೋ ವಿವರವಾದ ಲಾಗ್ ಹಾಕಿಟ್ಟಿದ್ದರು. ಪ್ರತಿ ಸಾಲಿನಲ್ಲೂ ಗಿರಾಕಿಯ ಹೆಸರು, ಫೋನ್ ನಂಬರ್, ಅಡವಿಟ್ಟ ಚಿನ್ನದ ತೂಕ, ಬಾಕಿ ಕಂತು. ಕೆಳಗೆ ಸರಿಸುತ್ತಾ ಹೋದಾಗ ಒಂದು ಹೆಸರಿನ ಮೇಲೆ ಕಣ್ಣು ನಿಂತಿತು. ನಾನು ದಿನಾ ಬೆಳಿಗ್ಗೆ ಚಹಾ ಕುಡಿಯುವ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವರು, ನಮ್ಮ ಕಡೆಯವರೇ. ಮೂರು ಕಂತು ಬಾಕಿ. ಅಷ್ಟು ವರ್ಷ "ಏನು ಮಾರಾಯ್ರೇ, ಊರಿಗೆ ಯಾವಾಗ?" ಎಂದು ಕೇಳುತ್ತಿದ್ದ ಮನುಷ್ಯ ಮನೆಯ ಚಿನ್ನ ಅಡವಿಟ್ಟದ್ದನ್ನು ಯಾರಿಗೂ ಹೇಳಿರಲಿಲ್ಲ.

ಮೇಲಿನ ಸಾಹೇಬರು ಬಂದು "ಇನ್ನೂ ಯಾಕೆ ಹೋಗಿಲ್ಲ?" ಎಂದು ಗದರಿದರು. "ಕಂಪನಿಯ ಜೊತೆ ಒಪ್ಪಂದವಿದೆ, ಎಸ್‌ಎಫ್‌ಟಿಪಿ ಇದೆ, ಇನ್ನೇನು ಬೇಕು ನಿಮಗೆ?" ಅವರ ಅವಸರ ನನಗೆ ಅರ್ಥವಾಗುತ್ತಿತ್ತು, ಶಾಖೆಗಳಲ್ಲಿ ಜನ ಸಾಲು ನಿಂತಿದ್ದರು. ಆದರೂ "ಸರ್, ಬಡ್ಡಿ ಲೆಕ್ಕ ಯಾಕೆ ನಿಂತಿತು ಎಂದು ತಿಳಿಯಲು ಇವರ ಹೆಸರು ಯಾಕೆ ಬೇಕು?" ಎಂದೆ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ, ಸಿಟ್ಟಿತ್ತು. ನಾವಿಬ್ಬರೂ ಕೂತು ಹೆಸರಿನ ಜಾಗದಲ್ಲಿ 'ಗಿರಾಕಿ 1', 'ಗಿರಾಕಿ 2' ಎಂದೂ, ಫೋನಿನ ಜಾಗದಲ್ಲಿ ಸೊನ್ನೆಗಳನ್ನೂ ತುಂಬುವ ಸಣ್ಣ ಸ್ಕ್ರಿಪ್ಟ್ ಬರೆದೆವು. ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬ ಗಿರಾಕಿಗೆ ಎಲ್ಲ ಕಡೆ ಒಂದೇ ನಂಬರ್ ಬರುವಂತೆ ನೋಡಿಕೊಂಡೆವು, ಇಲ್ಲದಿದ್ದರೆ ಲಾಗಿಗೆ ಅರ್ಥವೇ ಉಳಿಯುವುದಿಲ್ಲ. ಆ ಕಡೆಯವನು ಆ ಫೈಲನ್ನೇ ನೋಡಿ ಕಾರಣ ಹುಡುಕಿ ಕೊಟ್ಟ. ಹೆಸರು ಯಾಕಿಲ್ಲ ಎಂದು ಒಂದು ಮಾತೂ ಕೇಳಲಿಲ್ಲ. ಸಾಹೇಬರು ಮಾತ್ರ ಆ ಮುಕ್ಕಾಲು ಗಂಟೆಯನ್ನು ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ನೆನಪಿಟ್ಟು ಬರೆದರು, ಇರಲಿ.

ಎಲ್ಲವನ್ನೂ ಹೀಗೆ ತೊಳೆಯಲಾಗದು ಎಂಬುದೂ ನಿಜ. ಮೆಮೊರಿ ಡಂಪ್ ಎಂದರೆ ಆ ಕ್ಷಣ ಯಂತ್ರದ ತಲೆಯೊಳಗೆ ಇದ್ದದ್ದರ ಪಡಿಯಚ್ಚು, ಪಾಸ್‌ವರ್ಡ್, ಕೀಲಿ, ಗಿರಾಕಿಯ ವಿವರ ಎಲ್ಲ ಕಲಸಿಕೊಂಡಿರುತ್ತವೆ. ಅಂಥದ್ದನ್ನು ಕೇಳಿದರೆ ಮೊದಲು ಕೇಳಬೇಕಾದ ಮರುಪ್ರಶ್ನೆ: ಇದಿಲ್ಲದೆ ಆಗುವುದೇ ಇಲ್ಲವೇ? ನಮ್ಮ ಪರದೆಯನ್ನೇ ಹಂಚಿಕೊಂಡು, ನಮ್ಮ ಕಣ್ಣೆದುರೇ ನೋಡಿ ಹೋಗಬಹುದೇ? ಸುಳ್ಳು ಹೆಸರುಗಳ ಟೆಸ್ಟ್ ಯಂತ್ರದಲ್ಲಿ ಅದೇ ತೊಂದರೆ ಬರಿಸಬಹುದೇ? ಆಗದೇ ಇಲ್ಲ ಎಂದರೆ ಕಳಿಸಿ, ಆ ಡಂಪ್‌ನಲ್ಲಿ ಇದ್ದಿರಬಹುದಾದ ಪಾಸ್‌ವರ್ಡುಗಳನ್ನೆಲ್ಲ ಬದಲಿಸಬೇಕು.

ಇದು ಅತಿ ಜಾಗ್ರತೆ ಎನ್ನುವವರಿಗೆ 2023ರ ಒಂದು ಘಟನೆ. ಲಾಗಿನ್ ಸುರಕ್ಷತೆಯನ್ನೇ ಮಾರುವ ಅಮೆರಿಕದ ಓಕ್ಟಾ ಕಂಪನಿಯ ಸಪೋರ್ಟ್ ವ್ಯವಸ್ಥೆಗೆ ಆ ವರ್ಷದ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಕಳ್ಳರು ಕೈಹಾಕಿದ್ದರು. ಗಿರಾಕಿಗಳು ತೊಂದರೆ ಬಿಡಿಸಿಕೊಳ್ಳಲೆಂದು ಅಲ್ಲಿ ಎಚ್‌ಎಆರ್ ಎಂಬ ಫೈಲುಗಳನ್ನು ಏರಿಸಿದ್ದರು. ಬ್ರೌಸರ್ ಮತ್ತು ಸರ್ವರ್ ನಡುವಿನ ಸಂಭಾಷಣೆಯನ್ನು ದಾಖಲಿಸುವ ಫೈಲುಗಳವು, ಜೊತೆಗೆ ಲಾಗಿನ್ ಆದ ಗುರುತಿನ ಟೋಕನ್ನುಗಳೂ ಸೇರಿರುತ್ತವೆ. 134 ಗಿರಾಕಿ ಸಂಸ್ಥೆಗಳ ಫೈಲುಗಳನ್ನು ಕಳ್ಳರು ನೋಡಿದರು, ಅವುಗಳಲ್ಲಿನ ಟೋಕನ್ ಬಳಸಿ 5 ಸಂಸ್ಥೆಗಳ ಲಾಗಿನ್ನಿಗೆ ನುಗ್ಗಿದರು ಎಂದು ಓಕ್ಟಾ ತಾನೇ ಹೇಳಿತು. ಗಮನಿಸಿ, ಇಲ್ಲಿ ದಾರಿಯಲ್ಲಿ ಯಾರೂ ಕದಿಯಲಿಲ್ಲ. ಗಂಟು ಭದ್ರವಾಗಿ ಮನೆ ಮುಟ್ಟಿತ್ತು. ಕಳ್ಳ ಬಂದದ್ದು ಆ ಮನೆಗೆ. ಗಂಟಿನಲ್ಲಿ ಟೋಕನ್ ಇಲ್ಲದಿದ್ದರೆ ಅವನಿಗೆ ಸಿಗುತ್ತಿದ್ದುದು ಬರೀ ರದ್ದಿ.

ಈಗ ಕಾನೂನೂ ಇದೇ ಮಾತು ಹೇಳುತ್ತಿದೆ. ಪಾವತಿಯ ಮಾಹಿತಿ ಭಾರತದಲ್ಲಿಯೇ ಸಂಗ್ರಹವಾಗಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲೇ ಸುತ್ತೋಲೆ ಹೊರಡಿಸಿತು. ಪರದೇಶದ ಸಪೋರ್ಟ್ ಸರ್ವರಿಗೆ ಲಾಗ್ ಕಳಿಸುವವರು ಇದನ್ನು ಮರೆಯುವಂತಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ, ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಹೊಣೆ ಮೂಲ ಸಂಸ್ಥೆಯದ್ದೇ ಎನ್ನುತ್ತದೆ. ಸರಿಯಾದ ರಕ್ಷಣೆ ಕೊಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಜಾರಿ ಹಂತಹಂತವಾಗಿ.

ಇದು ದೊಡ್ಡ ಕಂಪನಿಗಳ ಮಾತು ಮಾತ್ರ ಅಂದುಕೊಳ್ಳಬೇಡಿ. ಇಲ್ಲಿ ನಮ್ಮವರ ಹೋಟೆಲುಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಕೆಟ್ಟರೆ, ರಿಪೇರಿಯವನು "ಪೂರ್ತಿ ಬ್ಯಾಕಪ್ ವಾಟ್ಸಾಪ್ ಮಾಡಿ ಅಣ್ಣ" ಎನ್ನುತ್ತಾನೆ. ಧಣಿಗಳು ಮಾಡುತ್ತಾರೆ. ಅದರಲ್ಲಿ ಆ ದಿನದ ಇಡ್ಲಿ ವಡೆಯ ಲೆಕ್ಕವಷ್ಟೇ ಅಲ್ಲ, ಹುಡುಗರ ಸಂಬಳ, ಮುಂಗಡ, ಆಧಾರ್ ನಂಬರ್ ಕೂಡ ಇರಬಹುದು. ಊರಿನಿಂದ ನಂಬಿ ಬಂದ ಹುಡುಗರವು. ಆ ಬ್ಯಾಕಪ್ ರಿಪೇರಿಯವನ ಫೋನಿನಲ್ಲಿ ಎಷ್ಟು ವರ್ಷ ಇರುತ್ತದೋ ದೇವರೇ ಬಲ್ಲ. ಹಾಗೆ ಕೇಳಿದಾಗ ತೊಂದರೆ ಬಂದ ಭಾಗದ್ದು ಮಾತ್ರ ಕೊಡಿ, ಇಲ್ಲವೇ ಅವನನ್ನೇ ಅಂಗಡಿಗೆ ಕರೆಸಿ ಒಂದು ಚಹಾ ಕೊಟ್ಟು ಅಲ್ಲೇ ಕೂರಿಸಿ ನೋಡಿಸಿ.

ಕೆಲಸ ಮುಗಿದ ಮೇಲೆ ನಾನು ಒಂದು ಮಿಂಚಂಚೆ ತಪ್ಪದೆ ಬರೆಯುತ್ತೇನೆ: "ನಾವು ಕಳಿಸಿದ ಫೈಲುಗಳನ್ನು ಅಳಿಸಿದ್ದೀರಾ? ಯಾವಾಗ ಅಳಿಸಿದಿರಿ ಎಂದು ದಯವಿಟ್ಟು ಬರೆದು ತಿಳಿಸಿ." ಕೆಲವರು ಅದೇ ದಿನ ಉತ್ತರಿಸುತ್ತಾರೆ, ಕೆಲವರಿಗೆ ಮೂರು ಸಲ ನೆನಪಿಸಬೇಕು. ನೆನಪಿಸುವುದರಲ್ಲಿ ನನಗೇನೂ ನಾಚಿಕೆಯಿಲ್ಲ. ಆ ಫೈಲಿನಲ್ಲಿರುವವರು ತಮ್ಮ ಹೆಸರು ಎಲ್ಲೆಲ್ಲಿ ತಿರುಗಿ ಬಂತು ಎಂದು ಕೇಳಲು ಬರುವುದಿಲ್ಲ, ಅವರಿಗದು ಗೊತ್ತೇ ಇರುವುದಿಲ್ಲ. ಅವರ ಪರವಾಗಿ ಕೇಳಲು ಅಲ್ಲಿ ಇರುವುದು ನಾವೊಬ್ಬರೇ. ಏನಂತೀರಿ?