ಬ್ಯಾಟರಿಗಳ ಹಾಜರಿ ಪುಸ್ತಕ

ಶಾಲೆಯಿಂದ ನಿವೃತ್ತನಾದ ದಿನ ಹಾಜರಿ ಪುಸ್ತಕದ ಋಣ ತೀರಿತು ಎಂದು ತಿಳಿದಿದ್ದೆ. ಮೂರೇ ವರ್ಷದಲ್ಲಿ ಅದು ಪುನಃ ಕೈಗೆ ಬಂತು. ಈ ಸಲ ಮಕ್ಕಳದ್ದಲ್ಲ, ಬ್ಯಾಟರಿಗಳದ್ದು. ತಮ್ಮನ ಮಗ ಮದ್ದು ಬಿಡುವ ಡ್ರೋನು ತಂದಿದ್ದಾನೆ. ಹಾರಿಸುವ ತರಬೇತಿ, ಸರ್ಟಿಫಿಕೇಟು ಎಲ್ಲ ಅವನದ್ದು. ಅದರ ಆರು ಬ್ಯಾಟರಿಗಳ ಲೆಕ್ಕ ಮಾತ್ರ ನನ್ನದು.

ಡ್ರೋನು ಬಂದ ಮೇಲೆ ಮರ ಹತ್ತುವವರೇ ಬೇಡ ಎಂದು ಯಾರೂ ತಿಳಿಯಬಾರದು. ಕೊಳೆರೋಗಕ್ಕೆ ಬೋರ್ಡೋ ಮದ್ದು ಗೊನೆಗೆ ತಾಗಬೇಕು. ಗೊನೆ ಇರುವುದು ಸೋಗೆಯ ಕೆಳಗೆ. ಅದಕ್ಕೆ ನಮ್ಮಲ್ಲಿ ಈಗಲೂ ಮರ ಹತ್ತುವವರು ಬೇಕು, ಇಲ್ಲವೇ ಫೈಬರ್ ದೋಟಿ ಬೇಕು. ಎಲೆಚುಕ್ಕಿ ಹಾಗಲ್ಲ, ಅದು ಸೋಗೆಗೇ ಬರುವ ರೋಗ, ಮೇಲಿನಿಂದ ಬಿದ್ದ ಮದ್ದು ಅದಕ್ಕೆ ಸಿಕ್ಕುತ್ತದೆ. ಗುಡ್ಡದ ಬುಡದ ತೋಟಗಳಲ್ಲಿ ನಮ್ಮ ಡ್ರೋನಿಗೆ ಕೆಲಸ ಸಿಕ್ಕಿದ್ದು ಹಾಗೆ. ಹತ್ತು ಲೀಟರು ತುಂಬಿಸಿ ಎತ್ತಿದರೆ ಹತ್ತು ನಿಮಿಷದ ಹಾರಾಟ. ಆಮೇಲೆ ಇಳಿಸಿ ಬ್ಯಾಟರಿ ಬದಲಿಸಬೇಕು.

ಈ ಬ್ಯಾಟರಿ ಆರೇಳು ಕಿಲೋ ತೂಗುವ ಒಂದು ಇಟ್ಟಿಗೆ. ಬೆಲೆ ಒಂದೊಂದಕ್ಕೆ ಅರ್ಧ ಲಕ್ಷ ದಾಟುತ್ತದೆ. ಒಳಗೆ ಇರುವುದು ಲಿಥಿಯಮ್. ನಮ್ಮ ಮೊಬೈಲಿನಲ್ಲಿರುವುದೂ ಅದೇ ಕುಲದ್ದು. 2019ರ ರಸಾಯನಶಾಸ್ತ್ರದ ನೊಬೆಲ್ ಈ ಬಗೆಯ ಬ್ಯಾಟರಿಯ ಮೇಲೆ ಕೆಲಸ ಮಾಡಿದ ಗುಡಿನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ಬಂದದ್ದು ವಿಜ್ಞಾನದ ಮಾಷ್ಟ್ರುಗಳಿಗೆ ನೆನಪಿರಬಹುದು. ಮೊಬೈಲಿನಲ್ಲಿ ಒಂದು ಸೆಲ್ ಇದ್ದರೆ ನಮ್ಮ ಡ್ರೋನಿನ ಬ್ಯಾಟರಿಯಲ್ಲಿ ಹದಿನಾಲ್ಕು, ಒಂದರ ಬಾಲಕ್ಕೆ ಇನ್ನೊಂದು ಜೋಡಿಸಿದ್ದು. ಪೂರ್ತಿ ಚಾರ್ಜ್ ಆದ ಸೆಲ್ಲು 4.2 ವೋಲ್ಟು. ಹದಿನಾಲ್ಕು ಸೇರಿದರೆ 58.8.

ಮೊದಲ ಮಳೆಗಾಲದಲ್ಲೇ ನಾವು ತಪ್ಪು ಮಾಡಿದೆವು. ನಾಳೆ ಬೆಳಿಗ್ಗೆ ಕೆಲಸ ಉಂಟೆಂದು ಆರನ್ನೂ ಪೂರ್ತಿ ಚಾರ್ಜ್ ಮಾಡಿ ಇಟ್ಟೆವು. ರಾತ್ರಿ ಹಿಡಿದ ಮಳೆ ಬಿಟ್ಟದ್ದು ಹದಿನೆಂಟು ದಿನ ಕಳೆದು. ತುಂಬಿದ ಬ್ಯಾಟರಿ ಸುಮ್ಮನೆ ಕೂತರೂ ಒಳಗೆ ಸುಮ್ಮನಿರುವುದಿಲ್ಲ. ಒಳಗಿನ ದ್ರವ ನಿಧಾನಕ್ಕೆ ಕೆಡುತ್ತದೆ, ಅನಿಲ ಹುಟ್ಟುತ್ತದೆ, ಸೆಲ್ಲು ಉಬ್ಬುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಪೂರ್ತಿ ಖಾಲಿ ಮಾಡಿ ಇಟ್ಟರೂ ಹಾಳು. ಕೆಲಸ ಇಲ್ಲದಾಗ ಸೆಲ್ಲಿಗೆ 3.8 ಅಥವಾ 3.85 ವೋಲ್ಟು ಇರುವಂತೆ, ಹೇಳಿದರೆ ಅರೆಹೊಟ್ಟೆಯಲ್ಲಿ, ಇಡಬೇಕು. ಚಾರ್ಜರಿನಲ್ಲಿ ಅದಕ್ಕೆ ಬೇರೆಯೇ ಗುಂಡಿ ಉಂಟು. ತರಬೇತಿಯಲ್ಲಿ ಹೇಳಿಕೊಟ್ಟಿದ್ದರಂತೆ, ಹುಡುಗ ಮರೆತಿದ್ದ. ಹದಿನೆಂಟು ದಿನದ ಮೇಲೆ ನೋಡಿದರೆ ನಾಲ್ಕನೇ ನಂಬ್ರದ್ದು ಒಂದು ಬದಿಯಲ್ಲಿ ಸಣ್ಣಕೆ ಉಬ್ಬಿತ್ತು. ಅಂಗೈ ಇಟ್ಟರೆ ಮಾತ್ರ ಗೊತ್ತಾಗುವಷ್ಟು.

ಅವತ್ತು ನಾನು ಇನ್ನೂರು ಪುಟದ ಒಂದು ಪುಸ್ತಕಕ್ಕೆ ಗೆರೆ ಹಾಕಿದೆ. ತಾರೀಕು, ಬ್ಯಾಟರಿ ನಂಬ್ರ, ಎಷ್ಟನೇ ಚಾರ್ಜು, ಹಾರುವ ಮೊದಲು ಎಷ್ಟು, ಇಳಿದ ಮೇಲೆ ಎಷ್ಟು, ಅತಿ ಹೆಚ್ಚಿನ ಸೆಲ್ಲು, ಅತಿ ಕಡಿಮೆಯ ಸೆಲ್ಲು, ಮುಟ್ಟಿದರೆ ಬಿಸಿಯೋ ತಣ್ಣಗೋ. ಕೊನೆಗೆ ಷರಾ. ಹುಡುಗ ನಕ್ಕ. "ಅದೆಲ್ಲ ಸ್ಕ್ರೀನಿನಲ್ಲಿ ಶೇಕಡಾ ಬರ್ತದೆ ದೊಡ್ಡಪ್ಪ" ಎಂದ.

ಬರುತ್ತದೆ, ನಿಜ. ಆದರೆ ನಮ್ಮ ಸ್ಕ್ರೀನು ತೋರಿಸುವುದು ಹದಿನಾಲ್ಕರ ಒಟ್ಟು ಲೆಕ್ಕ. ಹದಿಮೂರು ಸೆಲ್ಲು 3.75ರಲ್ಲಿ ಉಂಟು, ಒಂದು 3.45ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಕೂಡಿಸಿದರೆ 52.2, ಭಾಗಿಸಿದರೆ ಸುಮಾರು 3.73. ಏನೂ ಆಗದ ಹಾಗೆ ಕಾಣುತ್ತದೆ. ತರಗತಿಯ ಸರಾಸರಿ ಚಂದ ಬಂದಿದೆ ಎಂದು ಸಂತೋಷಪಟ್ಟು, ಹಿಂದಿನ ಬೆಂಚಿನಲ್ಲಿ ಕೂತ ಒಬ್ಬನಿಗೆ ಅಕ್ಷರ ಕೂಡಿಸಲು ಬರುವುದಿಲ್ಲ ಎಂಬುದನ್ನು ನಾನೂ ಕೆಲವು ವರ್ಷ ನೋಡದೆ ಕಳೆದಿದ್ದೇನೆ. ಭಾರ ಎತ್ತುವಾಗ ಸೊರಗಿದ ಸೆಲ್ಲು ಉಳಿದವುಗಳಿಗಿಂತ ಬೇಗ ಕುಸಿಯುತ್ತದೆ. ಮೊಬೈಲಾದರೆ ಆರಿ ಹೋಗುತ್ತದೆ ಅಷ್ಟೆ. ಡ್ರೋನು ಅಡಿಕೆ ಮರದ ತಲೆಯ ಮೇಲೆ ಇರುತ್ತದೆ.

ಪುಸ್ತಕದಲ್ಲಿ ನಾಲ್ಕನೇ ನಂಬ್ರದ ಕತೆ ಮೆಲ್ಲ ಕಾಣತೊಡಗಿತು. ಅದರ ಒಂಬತ್ತನೇ ಸೆಲ್ಲು ಯಾವಾಗಲೂ ಹಿಂದೆ. ಮೊದಲು ವ್ಯತ್ಯಾಸ 0.03, ಒಂದು ತಿಂಗಳಲ್ಲಿ 0.08, ಮತ್ತೆ 0.15. ಸೆಲ್ಲಿನ ಒಳಗಿನ ತಡೆ, ಅಂದರೆ ರೆಸಿಸ್ಟೆನ್ಸು, ಚಾರ್ಜರಿನಲ್ಲೇ ಕಾಣುತ್ತದೆ. ಒಂಬತ್ತನೆಯದ್ದು ಉಳಿದವುಗಳ ದುಪ್ಪಟ್ಟಾಗಿತ್ತು. ತಡೆ ಹೆಚ್ಚಾದಷ್ಟು ಬಿಸಿ ಹೆಚ್ಚು, ಬಿಸಿ ಹೆಚ್ಚಾದಷ್ಟು ಅದು ಇನ್ನೂ ಹಾಳು. ಇದಕ್ಕೆ ಸಾಲದು ಎಂಬಂತೆ, ಕೆಲಸದ ಅವಸರದಲ್ಲಿ ಇಳಿಸಿದ ಬಿಸಿ ಬ್ಯಾಟರಿಯನ್ನು ನೇರ ಜನರೇಟರಿಗೆ ಸಿಕ್ಕಿಸುವ ಅಭ್ಯಾಸ ಹುಡುಗನಿಗೆ. ತಣಿಯಲು ಅರ್ಧ ಗಂಟೆ ಬಿಡು ಎಂದು ನಾನು ಹೇಳಿದರೆ, ಸಂಬಳದ ಆಳು ಕೂತಿದ್ದಾನೆ ಎಂದು ಅವನು. ಅವನು ಹೇಳುವುದೂ ಸುಳ್ಳಲ್ಲ.

ಸೆಪ್ಟೆಂಬರಿನಲ್ಲಿ ನಾಲ್ಕು ದಿನ ಬಿಸಿಲು ಬಂತು. ಎಲ್ಲರಿಗೂ ಆ ನಾಲ್ಕು ದಿನದಲ್ಲೇ ಮದ್ದು ಆಗಬೇಕು. ಕೊನೆಯ ದಿನ ಸಂಜೆ ಉಳಿದದ್ದು ಕೆಳಮನೆಯ ಅಕ್ಕನ ಅರ್ಧ ಎಕರೆ. ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಚಾರ್ಜ್ ಇದ್ದದ್ದು ನಾಲ್ಕನೇ ನಂಬ್ರ ಒಂದೇ.

"ನೂರು ತೋರಿಸ್ತದೆ ದೊಡ್ಡಪ್ಪ. ಎರಡೇ ಸಲ ಎತ್ತಿ ಇಳಿಸುವ, ಅರ್ಧರ್ಧ ಟ್ಯಾಂಕು" ಎಂದ ಹುಡುಗ.

ಅಕ್ಕನೂ ಅಂಗಳದಿಂದಲೇ ಕೂಗಿದರು: "ಮಾಷ್ಟ್ರೇ, ಒಂದು ಮುಗಿಸಿಬಿಡಿ. ನಾಳೆ ಮಳೆ ಬಂದ್ರೆ ನನ್ನ ತೋಟ ಮಾತ್ರ ಬಾಕಿ!"

ಆ ತೋಟದ ತಲೆಯಲ್ಲಿ ಅವರ ಸುರಂಗ. ಅದರ ನೀರು ಬಂದು ಬೀಳುವುದು ಮಣ್ಣಿನ ಕೆರೆಗೆ. ಕುಡಿಯುವುದಕ್ಕೂ ಅದೇ, ಹಟ್ಟಿಗೂ ಅದೇ. ಡ್ರೋನಿನ ದಾರಿ ಸರಿಯಾಗಿ ಕೆರೆಯ ದಂಡೆಯ ಮೇಲೆ.

ನಮ್ಮ ಎಣ್ಮಕಜೆಯವರಿಗೆ ಆಕಾಶದಿಂದ ಮದ್ದು ಬೀಳುವುದು ಹೊಸತಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ಗುಡ್ಡದ ಗೇರು ತೋಟಗಳ ಮೇಲೆ ಹೆಲಿಕಾಪ್ಟರು ಎಂಡೋಸಲ್ಫಾನ್ ಸುರಿಯುತ್ತಿತ್ತು. ಸದ್ದು ಕೇಳಿದ ಕೂಡಲೇ ನನ್ನ ಅಮ್ಮ ಬಾವಿಗೆ ಮಡಲು ಮುಚ್ಚಲು ಓಡುತ್ತಿದ್ದರು. ಸುರಂಗದ ಕೆರೆಗೆ ಮುಚ್ಚುವುದು ಯಾವುದರಲ್ಲಿ? 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ದೇಶದಲ್ಲೇ ತಡೆ ಹಾಕಿತು. ಅಷ್ಟರಲ್ಲಿ ಸ್ವರ್ಗ, ಪಡ್ರೆಯ ಮನೆಗಳಲ್ಲಿ ಏನೇನಾಗಿತ್ತು ಎಂದು ಇಲ್ಲಿಯ ಓದುಗರಿಗೆ ನಾನು ಹೇಳಬೇಕಾಗಿಲ್ಲ. ನನ್ನ ತರಗತಿಯಲ್ಲೂ ಹಾಜರಿ ಕರೆದರೆ ಉತ್ತರ ಕೊಡಲಾಗದ ಮಕ್ಕಳು ಇದ್ದರು. ನಾವು ಬಿಡುವ ಮದ್ದು ಬೇರೆ, ಪ್ರಮಾಣ ಬೇರೆ, ಬಿಡುವುದು ಮರದ ಹತ್ತಿರದಿಂದ. ಆದರೂ ಮದ್ದು ತುಂಬಿದ ಡ್ರೋನು ಆ ಕೆರೆಗೆ ಬಿದ್ದರೆ ನಾನು ಅಕ್ಕನ ಹತ್ತಿರ ಏನು ಹೇಳುವುದು?

"ಬೇಡ" ಎಂದೆ. ಹುಡುಗ ರಿಮೋಟು ಚೀಲಕ್ಕೆ ಹಾಕಿ ಮಾತಾಡದೆ ಹೋದ. ಅಕ್ಕ ಅವತ್ತು ಚಾ ಕೊಡಲಿಲ್ಲ. ರಾತ್ರಿ ಮಳೆ ಬಂತು, ಹತ್ತು ದಿನ ಬಿಡಲೇ ಇಲ್ಲ. ಅವರ ಆ ಅರ್ಧ ಎಕರೆಯಲ್ಲಿ ಸೋಗೆ ಹಳದಿಯಾದದ್ದನ್ನು ನಾನು ದಿನಾ ಆ ದಾರಿಯಲ್ಲೇ ಹೋಗುವಾಗ ನೋಡುತ್ತಿದ್ದೆ. ಹಾರಿಸಿದ್ದರೆ ಬೀಳುತ್ತಿತ್ತು ಎಂದು ನಾನು ಹೇಳಲಾರೆ. ಬೀಳದೆಯೂ ಇರಬಹುದಿತ್ತು. ಮಳೆ ಬಿಟ್ಟ ಮೇಲೆ ಟ್ಯಾಂಕು ಖಾಲಿ ಇಟ್ಟು, ಅಂಗಳದಲ್ಲಿ ಮೊಣಕಾಲೆತ್ತರಕ್ಕೆ ಮಾತ್ರ ನಾಲ್ಕನೆಯದ್ದನ್ನು ಎತ್ತಿ ನೋಡಿದೆವು. ಮೂರನೇ ನಿಮಿಷಕ್ಕೆ ಒಂಬತ್ತನೇ ಸೆಲ್ಲು 3.2ಕ್ಕೆ ಇಳಿದು ಎಚ್ಚರಿಕೆಯ ಸದ್ದು ಬಂತು. ಸ್ಕ್ರೀನಿನಲ್ಲಿ ಆಗಲೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಹುಡುಗ ಪುಸ್ತಕ ತೆಗೆದು ತಾನೇ ಷರಾ ಬರೆದ. ಅವನ ಅಕ್ಷರ ಈಗಲೂ ಕೋಳಿ ಕಾಲೇ. ಬಿಸಿ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದನ್ನು ಮಾತ್ರ ಆ ಮೇಲೆ ಬಿಟ್ಟಿದ್ದಾನೆ. ಉಳಿದ ಐದನ್ನು ಅಟ್ಟದ ಸೆಕೆಯಲ್ಲಿಯೂ ಹಟ್ಟಿಯ ತೇವದಲ್ಲಿಯೂ ಇಡದೆ, ಚಾವಡಿಯ ತಂಪು ಮೂಲೆಯಲ್ಲಿ ಇಟ್ಟಿದ್ದೇವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅವುಗಳ ತುದಿಗೆ ಹಸಿರು ಕಿಲುಬು ಕಟ್ಟಿದೆಯೋ ಎಂದು ಒಣ ಬಟ್ಟೆಯಲ್ಲಿ ಒರೆಸಿ ನೋಡುತ್ತೇನೆ. ಅಕ್ಕನ ತೋಟಕ್ಕೆ ಈ ವರ್ಷ ಮೊದಲ ಸರದಿ, ಅವರಿಂದ ಹಣ ತೆಗೆದುಕೊಳ್ಳುವುದಿಲ್ಲ ಎಂದು ಹುಡುಗ ಹೇಳಿದ್ದಾನೆ. ಅವರು ಒಪ್ಪಿಲ್ಲ.

ಉಳಿದದ್ದು ನಾಲ್ಕನೇ ನಂಬ್ರದ ವಿಲೇವಾರಿ. ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಒಡೆಯಬಾರದು, ಬೆಂಕಿ ಹಿಡಿಯುತ್ತದೆ. ಹೊಂಡ ತೋಡಿ ಹೂಳುವ ಎಂದರೆ ಪುನಃ ನೀರಿಗೇ ಬರುತ್ತದೆ. ಹಳೆ ಬ್ಯಾಟರಿಗೆ ತಯಾರಿಸಿದವರೇ ಜವಾಬ್ದಾರಿ ಎಂದು 2022ರ ಬ್ಯಾಟರಿ ತ್ಯಾಜ್ಯ ನಿಯಮ ಹೇಳುತ್ತದೆ. ಕೊಂಡ ಅಂಗಡಿಗೆ ಫೋನು ಮಾಡಿದರೆ ಕೊರಿಯರಿನಲ್ಲಿ ಕಳಿಸಿ ಎಂದರು. ಕೊರಿಯರಿನವರು ಉಬ್ಬಿದ್ದನ್ನು ಕಂಡು ಕೈ ಮುಗಿದರು. ಈಗ ಅದರ ಚಾರ್ಜು ಇಳಿಸಿ, ಹಟ್ಟಿಯ ಆಚೆ ಬದಿಯಲ್ಲಿ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಇಟ್ಟಿದ್ದೇನೆ. ಮೇಲೆ ಮಳೆ ಬೀಳದ ಹಾಗೆ ಒಂದು ತಗಡು. ಮಂಗಳೂರಿಗೆ ಯಾರಾದರೂ ಸ್ವಂತ ಗಾಡಿಯಲ್ಲಿ ಹೋಗುವವರಿದ್ದರೆ ಹೇಳಿ, ನಾನೂ ಜೊತೆಗೆ ಬರುತ್ತೇನೆ, ತೆಗೆದುಕೊಳ್ಳುವವರು ಯಾರಿದ್ದಾರೆಂದು ವಿಚಾರಿಸಬೇಕು.