ಕೆರೆಗೆ ಜಾಗವಿಲ್ಲದ ಕಡತ

ನಮ್ಮೂರ ಸುತ್ತಲಿನ ಕೆರೆಗಳ ನಕ್ಷೆಯನ್ನು ನಿನ್ನೆ ರಾತ್ರಿ ಜಿಯೋಜೇಸನ್‌ನಿಂದ ಶೇಪ್‌ಫೈಲ್‌ಗೆ ಬದಲಾಯಿಸಿದೆ. ಕೇಳಿದವರಿಗೆ ಆ ರೂಪದಲ್ಲೇ ಬೇಕಿತ್ತು. ತೆರೆದು ನೋಡಿದರೆ ಗಡಿಗೆರೆಗಳೆಲ್ಲ ನೆಟ್ಟಗಿವೆ, ಹೆಸರಿದ್ದ ಕಡೆಯೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ. ಊರೂರು ತಿರುಗಿ, ಹಿರಿಯರನ್ನು ಕೇಳಿ ಬರೆದುಕೊಂಡ ಹೆಸರುಗಳು ಅವು. ಹೊಟ್ಟೆ ಉರಿಯಿತು.

ಶೇಪ್‌ಫೈಲ್ 1990ರ ದಶಕದ ಕೂಸು. ವಿವರಗಳನ್ನೆಲ್ಲ ಅದು ಇನ್ನೂ ಹಳೆಯದಾದ ಡಿಬಿಎಫ್ ಕೋಷ್ಟಕದಲ್ಲಿ ಇಡುತ್ತದೆ. ಅಲ್ಲಿ ಕಾಲಂ ತಲೆಬರಹಕ್ಕೆ ಸಿಗುವುದು 10 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ವ್ಯಂಜನಕ್ಕೂ, ಅದಕ್ಕೆ ಸೇರುವ ಒಂದೊಂದು ಸ್ವರಚಿಹ್ನೆಗೂ 3 ಬೈಟ್ ಬೇಕು. ‘ಕೆರೆ’ ಎಂದರೆ 12 ಬೈಟ್. ಎರಡಕ್ಷರದ ಕೆರೆಗೇ ಅಲ್ಲಿ ಜಾಗವಿಲ್ಲ! ಇಂಗ್ಲಿಷಿನವರಿಗೆ ಈ ಇಕ್ಕಟ್ಟು ಇಷ್ಟು ಬೇಗ ಕಾಣುವುದೇ ಇಲ್ಲ.

ಕೊನೆಗೆ ತಲೆಬರಹಗಳನ್ನು ಚಿಕ್ಕ ಇಂಗ್ಲಿಷ್ ಪದಗಳಿಗೆ ಇಳಿಸಿ, ಹೆಸರುಗಳು ಮತ್ತೆ ಪ್ರಶ್ನಾರ್ಥಕ ಚಿಹ್ನೆಗಳಾಗದಂತೆ ಕ್ಯೂಜಿಐಎಸ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಆರಿಸಿ ಉಳಿಸಿದೆ. ಜೊತೆಗೆ ಹುಟ್ಟುವ ಪುಟ್ಟ ಸಿಪಿಜಿ ಕಡತವನ್ನು ದಯವಿಟ್ಟು ಬಿಟ್ಟು ಕಳಿಸಬೇಡಿ, ಒಳಗಿರುವ ಲಿಪಿಯನ್ನು ಹೇಗೆ ಓದಬೇಕೆಂದು ತಿಳಿಸುವುದು ಅದೇ. ನಿಮ್ಮ ಕೈಯಲ್ಲೇ ಆಯ್ಕೆಯಿದ್ದರೆ ಜಿಯೋಪ್ಯಾಕೇಜ್ ಬಳಸಿ. ಒಂದೇ ಕಡತ, ಕನ್ನಡದ ತಲೆಬರಹವೂ ಇಡಿಯಾಗಿ ಉಳಿಯುತ್ತದೆ.

ಇನ್ನೊಂದು: ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದಲುಬದಲಾದರೆ ಬೆಂಗಳೂರು ನಾರ್ವೆಯ ಸ್ವಾಲ್ಬಾರ್ಡ್ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ.

ಈಗ ಪರದೆಯ ಮೇಲೆ ಕೆರೆಗಳೆಲ್ಲ ತಮ್ಮ ಹೆಸರು ಹೊತ್ತು ಕೂತಿವೆ. ಒಂದೊಂದನ್ನೂ ಓದಿ ತಾಳೆ ನೋಡುತ್ತಿದ್ದೇನೆ.